ಕೌಲು: ಕುಶಲಕರ್ಮಿಗಳನ್ನು ಕರೆದ ಕಾಗದ

ಕುಶಲ ಕೆಲಸಗಾರರನ್ನು ಸೆಳೆಯಲು ಊರನ್ನೇ ಮಾರುಕಟ್ಟೆಯ ಸರಕಿನಂತೆ ಯೋಜಿಸಿ ಪ್ರಚಾರಪಡಿಸಬೇಕೆಂಬ ವಾದವನ್ನು ಫಿಲಿಪ್ ಕೋಟ್ಲರ್ ಮತ್ತು ಸಂಗಡಿಗರ 'ಮಾರ್ಕೆಟಿಂಗ್ ಪ್ಲೇಸಸ್' ಗ್ರಂಥ 1993ರಲ್ಲಿ ವ್ಯವಸ್ಥಿತವಾಗಿ ಮಂಡಿಸಿತು. ದಖ್ಖನಿನಲ್ಲಿ ಈ ಕೆಲಸವನ್ನು ಶತಮಾನಗಳ ಹಿಂದೆಯೇ ಒಂದು ಹಾಳೆ ಕಾಗದ ಮಾಡುತ್ತಿತ್ತು. ಅದರ ಹೆಸರು ಕೌಲು.

ಅರಬ್ಬಿಯಲ್ಲಿ ಈ ಪದಕ್ಕೆ 'ಮಾತು' ಎಂದಷ್ಟೇ ಅರ್ಥ. ದಖ್ಖನಿನ ಸುಲ್ತಾನರ ಮತ್ತು ಮರಾಠರ ಆಡಳಿತದಲ್ಲಿ ಅದು ಕೊಟ್ಟ ಮಾತಿನ ಪತ್ರವಾಯಿತು. ಹಳೆಯ ಕಸಬೆಯ ಮಗ್ಗುಲಲ್ಲಿ ಹೊಸ ಪೇಟೆ ಕಟ್ಟಿಸುವಾಗ ಶೇಟೆ, ಮಹಾಜನರ ಹೆಸರಿಗೆ ಕೌಲು ಹೊರಡುತ್ತಿತ್ತು. ವ್ಯಾಪಾರಿಗಳನ್ನೂ ನೇಕಾರರನ್ನೂ ಕರೆತಂದು ನೆಲೆಗೊಳಿಸುವ ಹೊಣೆ ಅವರದು; ಪ್ರತಿಯಾಗಿ ಪೇಟೆಯ ವಹಿವಾಟಿನಲ್ಲಿ ವಂಶಪಾರಂಪರ್ಯದ ಹಕ್ಕು. ಸಂತೆ ಕಟ್ಟಿಸಿ ಉಂಬಳಿ ಪಡೆದ ಕನ್ನಡ ಶಾಸನಗಳ ಪಟ್ಟಣಸ್ವಾಮಿ ಇವರಿಗೆ ಹಿರಿಯಣ್ಣನೇ ಸರಿ.

ಕೌಲನ್ನು ಕಂದಾಯದ ದಾಖಲೆಯಾಗಿ ಓದುವುದೇ ಹೆಚ್ಚು. ಅದನ್ನೊಂದು ಬರವಣಿಗೆಯ ಪ್ರಕಾರವಾಗಿ ಓದಿದರೆ ಅದರ ಜಾಣ್ಮೆ ತಿಳಿಯುತ್ತದೆ. ಊರಿನ ವರ್ಣನೆ ಅದರಲ್ಲಿ ಮುಖ್ಯವಲ್ಲ. ಬರುವವನ ಅಂಜಿಕೆಗಳಿಗೇ ಅಲ್ಲಿ ಉತ್ತರ. ಮನೆಗೆ ನಿವೇಶನವುಂಟು; ಇಂತಿಷ್ಟು ವರ್ಷ ತೆರಿಗೆಯಿಲ್ಲ; ಬಿಟ್ಟಿ ಬೇಗಾರಿಗೆ ಹಿಡಿಯುವುದಿಲ್ಲ. ಹೊಲಗಳಿಗೆ ಕೊಡುತ್ತಿದ್ದ ಇಸ್ತಾವಾ ಕೌಲಿನಲ್ಲಂತೂ ತೆರಿಗೆ ಅಲ್ಪದಿಂದ ಆರಂಭವಾಗಿ ವರ್ಷ ವರ್ಷಕ್ಕೆ ಏರುತ್ತ ಪೂರ್ಣ ದರವನ್ನು ಮುಟ್ಟುತ್ತಿತ್ತು. ವಲಸೆ ಬಂದವನು ಮೊದಲ ದಿನವೇ ಬೇರೂರುವುದಿಲ್ಲವೆಂಬ ತಿಳಿವಳಿಕೆ ಈ ಏರಿಕೆಯಲ್ಲಿದೆ.

ರಿಯಾಯಿತಿಗಿಂತ ಮಾನ ದೊಡ್ಡದೆನ್ನುವುದಕ್ಕೂ ಸಾಕ್ಷ್ಯವಿದೆ. ವಿಜಯನಗರ ಕಾಲದ ತಮಿಳು ಶಾಸನಗಳಲ್ಲಿ ಕೈಕ್ಕೋಳ ನೇಕಾರರು ಪಡೆದದ್ದು ಪಲ್ಲಕ್ಕಿಯೇರುವ, ಶಂಖ ಊದಿಸುವ ಹಕ್ಕು. ಕಾಂಚೀಪುರದ ನೇಕಾರರಿಗಿದ್ದ ಈ ಮರ್ಯಾದೆ ಬೇರೆಡೆಯವರಿಗೂ ಬೇಕಾಯಿತು. ಇಂದಿನ ಯೋಜನೆಗಳು 'ಜೀವನಮಟ್ಟ'ವೆಂದು ಕರೆಯುವುದರಲ್ಲಿ ಇದಕ್ಕೆ ಜಾಗವಿಲ್ಲ.

ಸೊಲ್ಲಾಪುರದ ಕಥೆ ಇದಕ್ಕೆ ವ್ಯತಿರಿಕ್ತ. ಅಲ್ಲಿ ಕಸಬೆಗಳೂ ಉಂಟು, ಮಂಗಳವಾರ, ಸಾಖರ, ಭವಾನಿ ಪೇಟೆಗಳೂ ಉಂಟು. ರೈಲು ಬಂದದ್ದು 1860ರಲ್ಲಿ. ಮೊರಾರ್ಜಿ ಗೋಕುಲದಾಸರ ನೂಲಿನ ಗಿರಣಿ ಕೆಲಸ ಆರಂಭಿಸಿದ್ದು 1877ರಲ್ಲಿ, ಮಹಾಕ್ಷಾಮದ ನಡುವೆ. ಹಸಿವೇ ಡಂಗುರ ಸಾರುತ್ತಿದ್ದಾಗ ಕೌಲಿನ ಅಗತ್ಯ ಯಾರಿಗಿತ್ತು? ತೆಲಂಗಾಣದಿಂದ ಬಂದ ಪದ್ಮಶಾಲಿ ನೇಕಾರರು ಮೊದಲು ಕೈಮಗ್ಗವನ್ನು, ಮುಂದೆ ವಿದ್ಯುತ್ ಮಗ್ಗವನ್ನು ನಡೆಸಿದರು. ಸೊಲ್ಲಾಪುರದ ಚಾದರಕ್ಕೆ ಹೆಸರು ತಂದವರಲ್ಲಿ ಅವರು ಮುಖ್ಯರು. ಸಿದ್ಧರಾಮನ ಗದ್ದುಗೆಯ ಸುತ್ತ ಮೊದಲೇ ಇದ್ದ ಕನ್ನಡ, ಮರಾಠಿ, ದಖ್ಖನಿಗಳ ನಡುವೆ ತೆಲುಗೂ ನೆಲೆಯೂರಿತು.

ಕೌಲು ಮುಖಂಡನನ್ನು ಕರೆಯುತ್ತಿತ್ತು. ಅವನ ಹಿಂದೆ ಕುಲ, ದೇವರು, ಮನೆಮಾತು ಒಟ್ಟಿಗೆ ಬರುತ್ತಿದ್ದವು. ಇಂದಿನ ಪ್ರಚಾರಯೋಜನೆ ಕರೆಯುವುದು ಒಬ್ಬೊಂಟಿ 'ಪ್ರತಿಭೆ'ಯನ್ನು. ಅವನ ಮಕ್ಕಳು ಯಾವ ಭಾಷೆಯಲ್ಲಿ ಓದುತ್ತಾರೆ, ಊರಿನಲ್ಲಿ ಮೊದಲೇ ಇದ್ದವರ ಶಾಲೆ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳು ಗಡಿನಾಡಿನಲ್ಲಿ ಬೇರೆಬೇರೆಯಲ್ಲ. ತೆರಿಗೆ, ನಿವೇಶನ, ಬಿಟ್ಟಿಗಳ ಬಗೆಗೆ ಅಷ್ಟು ಎಚ್ಚರದಿಂದ ಮಾತು ಕೊಟ್ಟ ಕೌಲಿಗೆ ಭಾಷೆಯ ಬಗೆಗೆ ಮಾತು ಕೊಡುವ ಪ್ರಮೇಯ ಬರಲಿಲ್ಲ. ಆಗ ಪೇಟೆಗೆ ಒಂದೇ ನುಡಿ ಇರಬೇಕೆಂದು ಯಾರೂ ಕೇಳುತ್ತಿರಲಿಲ್ಲ.