ಎರಡು ವರ್ಷದ ನರ್ಸಿಂಗ್ ಶಿಕ್ಷಣದಲ್ಲಿ ಚರಿತ್ರೆಯ ಜಾಗ: ಅಮೆರಿಕದ ಕಮ್ಯುನಿಟಿ ಕಾಲೇಜುಗಳನ್ನು ಕುರಿತು

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ನರ್ಸಿಂಗ್‌ನ ಮೂಲಪಾಠವೂ ಅಮೆರಿಕದ ಇತಿಹಾಸವೂ ಒಂದೇ ಕಟ್ಟಡದಲ್ಲಿ ನಡೆಯುತ್ತವೆ. ಆದರೆ ಒಂದಕ್ಕೆ ಇನ್ನೊಂದರ ಪರಿಚಯವೇ ಇಲ್ಲ. ಮೊದಲನೆಯದು ಹೊಟ್ಟೆಪಾಡಿನ ವಿದ್ಯೆ, ಎರಡನೆಯದು ಪದವಿಗೆ ಬೇಕಾದ ಕ್ರೆಡಿಟ್ ಎಂಬ ಎಣಿಕೆ ವಿದ್ಯಾರ್ಥಿಗಳಲ್ಲಷ್ಟೇ ಅಲ್ಲ, ಪಠ್ಯಕ್ರಮ ರೂಪಿಸುವವರಲ್ಲೂ ಇದೆ. ಈ ಎಣಿಕೆ ನಿಲ್ಲುವಂಥದ್ದಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ನರ್ಸಿಂಗ್ ಕಮ್ಯುನಿಟಿ ಕಾಲೇಜಿಗೆ ಬಂದದ್ದೇ ಚರಿತ್ರೆಯ ಒತ್ತಡದಿಂದ. ಮೂಲಪಾಠದಲ್ಲಿ ಕಲಿಸುವ ತೀರಾ ಸಣ್ಣ ಕೌಶಲಗಳಲ್ಲೂ ಆ ದೇಶದ ವರ್ಣಭೇದದ ಇತಿಹಾಸ ಅಡಗಿದೆ.

1873ರಲ್ಲಿ ನ್ಯೂಯಾರ್ಕ್, ನ್ಯೂ ಹೇವನ್ ಮತ್ತು ಬಾಸ್ಟನ್ನಿನಲ್ಲಿ ನೈಟಿಂಗೇಲ್ ಮಾದರಿಯ ತರಬೇತಿ ಶಾಲೆಗಳು ಶುರುವಾದವು. ಅಲ್ಲಿಂದ ಮುಂದೆ ಬಹುಕಾಲ ಅಮೆರಿಕದಲ್ಲಿ ನರ್ಸ್ ಆಗಬೇಕಾದವರು ಆಸ್ಪತ್ರೆಗೇ ಸೇರಬೇಕಿತ್ತು. ಹೆಸರಿಗೆ ಅದು ಶಾಲೆ; ನಿಜದಲ್ಲಿ ವಾರ್ಡುಗಳ ಬಹುಪಾಲು ದುಡಿಮೆ ವಿದ್ಯಾರ್ಥಿನಿಯರದೇ. 1923ರ ಗೋಲ್ಡ್‌ಮಾರ್ಕ್ ವರದಿ ಇದನ್ನು ಎತ್ತಿ ತೋರಿಸಿತಾದರೂ ಪುಕ್ಕಟೆ ದುಡಿಮೆ ಬಿಟ್ಟುಕೊಡಲು ಆಸ್ಪತ್ರೆಗಳು ತಯಾರಿರಲಿಲ್ಲ. ಎರಡನೇ ಮಹಾಯುದ್ಧ ಬಂದ ಮೇಲೆ ಲೆಕ್ಕ ಬದಲಾಯಿತು. 1943ರ ಬೋಲ್ಟನ್ ಕಾಯ್ದೆಯಡಿ ಕೆಡೆಟ್ ನರ್ಸ್ ಕೋರ್ ಹುಟ್ಟಿಕೊಂಡಿತು. ಒಕ್ಕೂಟ ಸರ್ಕಾರವೇ ಶುಲ್ಕ ಕಟ್ಟಿ, ಭತ್ಯೆ ಕೊಟ್ಟು, ಮೂರು ವರ್ಷದ ತರಬೇತಿಯನ್ನು ಮೂವತ್ತು ತಿಂಗಳಿಗೆ ಇಳಿಸಿತು. ಕಲಿಕೆಯ ಅವಧಿಯನ್ನು ಮೊಟಕುಗೊಳಿಸಬಹುದು ಎಂಬುದಕ್ಕೆ ಹೀಗೊಂದು ಪುರಾವೆ ಸಿಕ್ಕಿತು. 1947ರಲ್ಲಿ ಟ್ರೂಮನ್ ಆಯೋಗ ಊರೂರಿಗೆ ಕಮ್ಯುನಿಟಿ ಕಾಲೇಜು ಬೇಕೆಂದಿತು. ಮರುವರ್ಷ ಎಸ್ತರ್ ಲೂಸಿಲ್ ಬ್ರೌನ್ ತಮ್ಮ ವರದಿಯಲ್ಲಿ ನರ್ಸಿಂಗ್ ಶಿಕ್ಷಣ ಆಸ್ಪತ್ರೆಯ ಹಿಡಿತ ಬಿಟ್ಟು ಕಾಲೇಜಿಗೆ ಬರಬೇಕೆಂದರು.

ಈ ಎರಡು ಎಳೆಗಳನ್ನು ಹೆಣೆದವರು ಕೊಲಂಬಿಯಾದ ಟೀಚರ್ಸ್ ಕಾಲೇಜಿನ ಮಿಲ್ಡ್ರೆಡ್ ಮಾಂಟಾಗ್. 1951ರಲ್ಲಿ ಪ್ರಕಟವಾದ ಅವರ ಪುಸ್ತಕದ ಪ್ರಸ್ತಾವ ನೇರವಾಗಿತ್ತು: ಎರಡು ವರ್ಷದ ಕೋರ್ಸು, ಅದರಲ್ಲಿ ನರ್ಸಿಂಗ್ ಜೊತೆಗೆ ಸಾಮಾನ್ಯ ಶಿಕ್ಷಣ, ಕೊನೆಗೆ ‘ನರ್ಸಿಂಗ್ ತಂತ್ರಜ್ಞೆ’. ಪ್ರಯೋಗ 1952ರಿಂದ ಐದು ವರ್ಷ ನಡೆಯಿತು. ಇಲ್ಲಿ ಗಮನಿಸಬೇಕಾದ್ದು ಸಾಮಾನ್ಯ ಶಿಕ್ಷಣದ ಪಾಲು. ವಾರ್ಡಿನ ದುಡಿಮೆಯಿಂದ ಬಿಡಿಸಿ ತಂದ ಸಮಯವನ್ನು ಮಾಂಟಾಗ್ ಮಾನವಿಕ, ಸಮಾಜವಿಜ್ಞಾನದ ಪಾಠಗಳಿಗೂ ಹಂಚಿದರು. ಆಸ್ಪತ್ರೆಯ ಶಾಲೆ ಕೊಡದಿದ್ದ ಒಂದನ್ನು ಕಾಲೇಜು ಕೊಟ್ಟಿತು. ಆದರೆ ಯಾವ ಚರಿತ್ರೆ, ಯಾಕೆ ಎಂದು ಬಿಡಿಸಿ ಹೇಳುವ ಗೋಜಿಗೆ ಆಮೇಲಿನವರು ಹೋಗಲಿಲ್ಲ. ಈ ತಂತ್ರಜ್ಞೆಯರು ಮಾಂಟಾಗ್ ಎಣಿಸಿದಂತೆ ಬೇರೆಯೇ ದರ್ಜೆಯವರಾಗಿ ಉಳಿಯಲೂ ಇಲ್ಲ. ಅವರೂ ನಾಲ್ಕು ವರ್ಷ ಓದಿದವರ ಜೊತೆ ಅದೇ ಪರೀಕ್ಷೆ ಬರೆದು, ಅದೇ ಪರವಾನಗಿ ಪಡೆದರು. (ಮಂಗಳೂರು, ಬೆಂಗಳೂರಿನ ಕಾಲೇಜುಗಳಲ್ಲಿ ಓದಿ ಅಮೆರಿಕಕ್ಕೆ ಹೋಗಬಯಸುವ ನರ್ಸ್‌ಗಳು ಇಂದು ಬರೆಯುವ ಎನ್‌ಕ್ಲೆಕ್ಸ್ ಅದೇ ಪರೀಕ್ಷೆಯ ಇಂದಿನ ರೂಪ.) 1965ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ವೃತ್ತಿಪರ ನರ್ಸಿಂಗ್‌ಗೆ ನಾಲ್ಕು ವರ್ಷದ ಪದವಿಯೇ ಬೇಕೆಂದು ನಿಲುವು ತಳೆದ ಮೇಲೂ ಎರಡು ವರ್ಷವೋ ನಾಲ್ಕು ವರ್ಷವೋ ಎಂಬ ಜಗಳ ತೀರಿಲ್ಲ.

ಇನ್ನು ಮೂಲಪಾಠದ ಒಳಗೆ ಹೋಗೋಣ. ಹಾಸಿಗೆ ಹಿಡಿದ ರೋಗಿಯ ಸೊಂಟದ ಕೆಳಗೂ ಹಿಮ್ಮಡಿಯಲ್ಲೂ ಒತ್ತುಹುಣ್ಣು ಏಳುತ್ತಿದೆಯೇ ಎಂದು ನೋಡುವುದು ಮೊದಲ ಸೆಮಿಸ್ಟರಿನ ಪಾಠ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಹುಣ್ಣಿನ ಮೊದಲ ಹಂತ. ಬಿಳಿಯ ತೊಗಲಿನ ಮೇಲೆ ಇದು ಸುಲಭ. ಕಪ್ಪು ತೊಗಲಿನ ಮೇಲೆ ಆ ಕೆಂಪೂ ಸುಲಭವಾಗಿ ಕಾಣುವುದಿಲ್ಲ, ಬಿಳಿಚುವಿಕೆಯೂ ಕಾಣುವುದಿಲ್ಲ. ಅಲ್ಲಿ ಸುತ್ತಲಿನ ಜಾಗಕ್ಕಿಂತ ಬಿಸಿಯಿದೆಯೇ, ಗಟ್ಟಿಯಾಗಿದೆಯೇ, ನೋವಿದೆಯೇ ಎಂದು ಮುಟ್ಟಿ ತಿಳಿಯಬೇಕು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೂಡ ಇಂಥದ್ದೇ. 2020ರ ಕೊನೆಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದ ಪ್ರಕಾರ, ಉಪಕರಣದ ಅಂಕಿ ಸರಿಯಿದ್ದೂ ರಕ್ತದಲ್ಲಿ ಆಮ್ಲಜನಕ ಕಡಿಮೆಯಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು. ಯಾರ ಮೈಯನ್ನು ಮಾದರಿಯಾಗಿ ಇಟ್ಟುಕೊಂಡು ಪಾಠವೂ ಉಪಕರಣವೂ ರೂಪುಗೊಂಡವು ಎಂಬ ಪ್ರಶ್ನೆಗೆ ಲ್ಯಾಬಿನಲ್ಲಿ ಉತ್ತರ ಸಿಗದು.

ಉತ್ತರಕ್ಕೆ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ಪಟ್ಟಣಕ್ಕೆ ಹೋಗಬಹುದು. 1960ರ ಫೆಬ್ರವರಿಯಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಯಲ್ಲಿ ಬಿಳಿಯರಿಗಷ್ಟೇ ಮೀಸಲಾದ ಊಟದ ಕೌಂಟರಿನಲ್ಲಿ ಕೂತ ಕತೆ ಇತಿಹಾಸ ಓದಿದವರಿಗೆಲ್ಲ ಗೊತ್ತು. ಅದೇ ಊರಿನ ದಂತವೈದ್ಯ ಜಾರ್ಜ್ ಸಿಮ್ಕಿನ್ಸ್ ಮತ್ತು ಸಂಗಡಿಗರು ವರ್ಣಭೇದ ಮಾಡುತ್ತಿದ್ದ ಆಸ್ಪತ್ರೆಗಳ ಮೇಲೆ ಹೂಡಿದ ದಾವೆ ಅಷ್ಟು ಹೆಸರು ಮಾಡಲಿಲ್ಲ. 1946ರ ಹಿಲ್-ಬರ್ಟನ್ ಕಾಯ್ದೆ ಆಸ್ಪತ್ರೆ ಕಟ್ಟಲು ಒಕ್ಕೂಟದ ಹಣ ಕೊಡುತ್ತಿತ್ತು. ಜೊತೆಗೆ ಕಪ್ಪು, ಬಿಳಿಯರಿಗೆ ಬೇರೆ ಬೇರೆ ವ್ಯವಸ್ಥೆಗೂ ಅವಕಾಶ ಇಟ್ಟಿತ್ತು. ಸಿಮ್ಕಿನ್ಸ್ ದಾವೆಯಲ್ಲಿ 1963ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಅವಕಾಶವನ್ನು ಅಸಾಂವಿಧಾನಿಕವೆಂದಿತು. 1966ರಲ್ಲಿ ಮೆಡಿಕೇರ್ ಜಾರಿಗೆ ಬಂದಾಗ, ಭೇದ ಬಿಡದ ಆಸ್ಪತ್ರೆಗೆ ಹಣವಿಲ್ಲ ಎಂಬ ಷರತ್ತು ವಾರ್ಡುಗಳ ಬಾಗಿಲು ತೆರೆಸಿತು. ನನ್ನ ಮಟ್ಟಿಗೆ ಇದು ನರ್ಸಿಂಗ್ ಮೂಲಪಾಠದ ಮೊದಲ ಅಧ್ಯಾಯದಲ್ಲೇ ಇರಬೇಕಾದ ಸಂಗತಿ. ಉತ್ತರ ಕೆರೊಲಿನಾ ತನ್ನ ಕಮ್ಯುನಿಟಿ ಕಾಲೇಜು ವ್ಯವಸ್ಥೆಗೆ ಕಾನೂನು ಮಾಡಿದ್ದೂ ಅದೇ 1963ರಲ್ಲಿ.

ಚರಿತ್ರೆಯನ್ನು ಬರೀ ಕ್ರೆಡಿಟ್ಟಾಗಿ ಎಣಿಸುವ ವ್ಯವಸ್ಥೆಯ ತೊಡಕು ಟೆಕ್ಸಸ್‌ನಲ್ಲಿ ಎದ್ದು ಕಾಣುತ್ತದೆ. ಅಲ್ಲಿ ರಾಜ್ಯದ ಹಣ ಪಡೆಯುವ ಕಾಲೇಜುಗಳ ಬ್ಯಾಚಲರ್ ಪದವಿಗೆ ಅಮೆರಿಕದ ಇತಿಹಾಸದ ಆರು ಕ್ರೆಡಿಟ್ ಕಡ್ಡಾಯ. 1877ರವರೆಗೆ ಒಂದು ಪತ್ರಿಕೆ, ಆಮೇಲಿನದು ಇನ್ನೊಂದು. ಎರಡು ವರ್ಷದ ನರ್ಸಿಂಗ್ ಮುಗಿಸಿ ಕೆಲಸ ಹಿಡಿದವರು ಮೇಲಿನ ಪದವಿಗೆಂದು ಮರಳಿ ಬಂದಾಗ ಈ ಎರಡನ್ನೂ ತೀರಿಸಿಕೊಳ್ಳಬೇಕು. ಪಾಳಿ ಮುಗಿಸಿ ಬಂದು ಆನ್‌ಲೈನಿನಲ್ಲಿ ಓದುವವರಿಗೆ ಅದು ನಮ್ಮ ಪದವಿ ತರಗತಿಗಳ ಸಂವಿಧಾನ ಪತ್ರಿಕೆಯಂತೆ ಪಾಸಾದರೆ ಸಾಕೆನ್ನುವ ವಿಷಯವಾದರೆ ತಪ್ಪು ಅವರದಲ್ಲ. ವಾರ್ಡಿನಲ್ಲಿ ಕೈ ಪಳಗಿದ ಮೇಲೆ ಬರುವ ಚರಿತ್ರೆ ಕೈಗೆ ಏನನ್ನೂ ಕಲಿಸಲಾರದು. ಕ್ರೆಡಿಟ್ ಹೆಚ್ಚಿಸದೆಯೇ ಮಾಡಬಹುದಾದ ತಿದ್ದುಪಡಿ ಒಂದಿದೆ: 1877ರ ಈಚಿನ ಪತ್ರಿಕೆಯನ್ನು ಮೂಲಪಾಠದ ಸೆಮಿಸ್ಟರಿಗೇ ತಂದು, ನರ್ಸಿಂಗ್ ವಿದ್ಯಾರ್ಥಿಗಳಿಗೆಂದು ಒಂದು ವಿಭಾಗ ತೆರೆದು, ಸಿಮ್ಕಿನ್ಸ್ ದಾವೆಯ ತೀರ್ಪನ್ನು ಓದಿಸುವ ವಾರವೇ ಲ್ಯಾಬಿನಲ್ಲಿ ಒತ್ತುಹುಣ್ಣಿನ ಪರೀಕ್ಷೆ ಇಟ್ಟುಕೊಳ್ಳಬಹುದು. ಇದಕ್ಕೆ ಹೊಸ ಕಾನೂನಾಗಲಿ ಹೆಚ್ಚಿನ ಹಣವಾಗಲಿ ಬೇಕಿಲ್ಲ. ಎರಡು ವಿಭಾಗಗಳ ಬೋಧಕರು ಕೂತು ವೇಳಾಪಟ್ಟಿ ಹೊಂದಿಸಿಕೊಳ್ಳಬೇಕು, ಅಷ್ಟೆ.