ಮುಖಕ್ಕೆ ಏನೂ ಇಲ್ಲದೆ 502 ಪಂದ್ಯ

ಐಸ್ ಹಾಕಿ ದಾಖಲೆ ಅಂದ್ರೆ ಎಲ್ಲರೂ ಗೋಲಿನ ಲೆಕ್ಕ ಹೇಳ್ತಾರೆ. ವೇಯ್ನ್ ಗ್ರೆಟ್ಸ್ಕಿಯ 894 ಗೋಲುಗಳನ್ನು 2025ರ ಏಪ್ರಿಲ್‌ನಲ್ಲಿ ಅಲೆಕ್ಸ್ ಒವೆಚ್ಕಿನ್ ದಾಟಿದ ಸುದ್ದಿ ನಿಮ್ಮ ಫೋನಿಗೂ ಬಂದಿರಬಹುದು. ನಾನು ಇವತ್ತು ಹೇಳೋದು ಗೋಲು ಹೊಡೆದವರ ಕಥೆಯಲ್ಲ, ತಡೆದವರದ್ದು.

ಹೆಸರು ಗ್ಲೆನ್ ಹಾಲ್, ಕೆನಡಾದವರು. ಅಮೆರಿಕ-ಕೆನಡಾದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ 1955ರಿಂದ 1962ರ ನವೆಂಬರ್‌ವರೆಗೆ, ಮೊದಲು ಡೆಟ್ರಾಯಿಟ್‌ಗೆ, ಆಮೇಲೆ ಷಿಕಾಗೊಗೆ, ಸತತ 502 ಲೀಗ್ ಪಂದ್ಯಗಳಲ್ಲಿ ಪೂರ್ತಿ ಹೊತ್ತು ಗೋಲು ಕಾದರು. ಕಾಲಿಗೆ ದಪ್ಪ ಪ್ಯಾಡ್, ಕೈಗೆ ಗ್ಲೋವ್ಸ್. ಮುಖಕ್ಕೆ ಮಾತ್ರ ಏನೂ ಇಲ್ಲ!

ಐಸ್ ಹಾಕಿಯಲ್ಲಿ ಚೆಂಡು ಇರಲ್ಲ, ಪಕ್ ಇರುತ್ತೆ. ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ. ಗಂಟೆಗೆ ನೂರು ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಅದು ಮುಖದ ಕಡೆ ಬರೋದನ್ನ ಒಮ್ಮೆ ಊಹಿಸ್ಕೊಳ್ಳಿ. ಹಾಲ್ ಪಂದ್ಯಕ್ಕೆ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದರು. ಒಂದೆರಡು ಸಲ ಅಲ್ಲ, ವರ್ಷಗಟ್ಟಲೆ. ಆಮೇಲೆ ಹೋಗಿ ಗೋಲಿನ ಮುಂದೆ ನಿಲ್ಲುತ್ತಿದ್ದರು.

ಇದನ್ನ ಧೈರ್ಯ ಅಂತ ಹೊಗಳೋದು ಸುಲಭ. ನನಗೆ ಮಾತ್ರ ಇನ್ನೊಂದು ಲೆಕ್ಕ ಕಾಣುತ್ತೆ. ಆಗ ಇಡೀ ಲೀಗ್‌ನಲ್ಲಿ ಇದ್ದದ್ದು 6 ತಂಡ. ತಂಡಕ್ಕೆ ಸಾಮಾನ್ಯವಾಗಿ ಒಬ್ಬನೇ ಕೀಪರ್. ಅಂದ್ರೆ ಇದ್ದದ್ದೇ ಆರು ಕೆಲಸ. ಒಂದು ದಿನ ರಜೆ ಹಾಕಿದ್ರೆ, ಆ ಜಾಗಕ್ಕೆ ಬಂದವನು ವಾಪಸ್ ಹೋಗ್ತಾನೆ ಅನ್ನೋ ಗ್ಯಾರಂಟಿ ಏನು?

ಈ ಕಟ್ಟು ಮೊದಲು ಸಡಿಲಿಸಿದ್ದು ಮಾಂಟ್ರಿಯಲ್‌ನ ಜಾಕ್ ಪ್ಲಾಂಟ್. 1959ರ ನವೆಂಬರ್ 1, ನ್ಯೂಯಾರ್ಕ್. ಆ್ಯಂಡಿ ಬಾತ್‌ಗೇಟ್ ಹೊಡೆದ ಪಕ್ ಪ್ಲಾಂಟ್ ಮುಖ ಸೀಳಿತು. ಡ್ರೆಸಿಂಗ್ ರೂಮಿನಲ್ಲಿ ಹೊಲಿಗೆ ಹಾಕಿದರು. ಅಭ್ಯಾಸದಲ್ಲಿ ಬಳಸುತ್ತಿದ್ದ ಮುಖವಾಡ ಹಾಕದೆ ಮತ್ತೆ ಇಳಿಯಲ್ಲ ಅಂತ ಪ್ಲಾಂಟ್ ಹಟ ಹಿಡಿದರು. ಕೋಚ್ ಟೋ ಬ್ಲೇಕ್‌ಗೆ ಮುಖವಾಡ ಕಂಡ್ರೆ ಆಗ್ತಿರಲಿಲ್ಲ. ಆದರೆ ಬದಲಿ ಕೀಪರ್ ಎಲ್ಲಿದ್ದಾನೆ? ಅಷ್ಟು ವರ್ಷ ಕೀಪರ್‌ಗಳನ್ನ ಹೆದರಿಸಿದ್ದ ಒಂಟಿತನವೇ ಅವತ್ತು ಪ್ಲಾಂಟ್ ಕೈಯಲ್ಲಿ ಅಸ್ತ್ರವಾಯ್ತು. ಮಾಂಟ್ರಿಯಲ್ 3-1ರಿಂದ ಗೆದ್ದಿತು, ಆ ಸೀಸನ್‌ನ ಸ್ಟಾನ್ಲಿ ಕಪ್ಪನ್ನೂ ಗೆದ್ದಿತು.

ಹಾಲ್ ಆಮೇಲೂ ಬರಿಮುಖದಲ್ಲೇ ಆಡಿದರು. ಅವರ ಸರಣಿ ಮುರಿದದ್ದು ಪಕ್ಕಿನಿಂದಲ್ಲ, ಬೆನ್ನುನೋವಿನಿಂದ. ಈಗ ಪ್ರತಿ ತಂಡವೂ ಇಬ್ಬರು ಕೀಪರ್‌ಗಳನ್ನ ಸರದಿಯಲ್ಲಿ ಆಡಿಸುತ್ತೆ, ಹಾಗಾಗಿ 502ರ ಹತ್ತಿರಕ್ಕೂ ಯಾರೂ ಹೋಗಲಾರರು. ಹೋಗದಿದ್ದರೇ ಒಳ್ಳೇದು ಬಿಡಿ.

1968-69ರಲ್ಲಿ ಹಾಲ್ ಮತ್ತು ಪ್ಲಾಂಟ್ ಸೇಂಟ್ ಲೂಯಿಸ್ ತಂಡದಲ್ಲಿ ಜೊತೆಯಾದರು. ಒಬ್ಬರಿಗೆ 37, ಇನ್ನೊಬ್ಬರಿಗೆ 40. ಸರದಿಯಲ್ಲಿ ಗೋಲು ಕಾದರು, ಕೀಪರ್‌ಗಳಿಗೆ ಕೊಡುವ ವೆಜಿನಾ ಟ್ರೋಫಿಯನ್ನ ಹಂಚಿಕೊಂಡರು. ಹಾಲ್ ಪಂದ್ಯದಲ್ಲಿ ಮೊದಲ ಸಲ ಮುಖವಾಡ ಹಾಕಿದ್ದು ಅದೇ ಸೀಸನ್‌ನಲ್ಲಿ.