ದುಡಿದು ಮುಗಿಸಿದ ಎತ್ತಿಗೆ ಹುಲ್ಲು ಯಾರದು?

ನಗರದ ಪ್ರಾಣಿ ಆಶ್ರಯಗಳಲ್ಲಿ ಮರಿನಾಯಿಗೆ ಮನೆ ಸಿಗುವುದು ಅಂಥ ಕಷ್ಟವಲ್ಲ. ಹತ್ತು ವರ್ಷ ದಾಟಿ, ಕಣ್ಣು ಮಂಜಾದ ಪೊಮೆರೇನಿಯನ್‌ಗೆ ಮನೆ ಹುಡುಕುವಾಗಲೇ ತೊಡಕು. ಇದನ್ನು ನಾವು ಪೇಟೆಯ ಹೊಸ ಸಂಕಟವೆಂದು ಭಾವಿಸುತ್ತೇವೆ. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ಇದೇ ಪ್ರಶ್ನೆ ನಾಯಿಗಿಂತ ಬಹಳ ಮೊದಲೇ ಎತ್ತಿನ ರೂಪದಲ್ಲಿ ಎದುರಾಗಿತ್ತು. ಅಮೃತಮಹಲ್ ದನಗಳ ನಾಡು ಇದು. ಎಳೆಯ ಹೋರಿಗೆ ಹೊಸ ಯಜಮಾನನನ್ನು ಹುಡುಕುವ ವ್ಯವಸ್ಥೆ ಇಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಅದರ ಹರಾಜು ಇವತ್ತಿಗೂ ನಡೆಯುತ್ತದೆ. ಮುದಿ ಎತ್ತಿಗೆ ಮಾತ್ರ ಅಂಥದ್ದೊಂದು ವ್ಯವಸ್ಥೆಯನ್ನು ಯಾರೂ ಕಟ್ಟಲಿಲ್ಲ. ಕಟ್ಟದಿದ್ದರೂ ಬಹುಕಾಲ ಅದು ಹೇಗೋ ನಡೆದುಹೋಯಿತು. ಹಾಗೆ ನಡೆಸಿದ್ದು ಜನರ ಕರುಣೆಗಿಂತ ಹೆಚ್ಚಾಗಿ ಹುಲ್ಲು ಎಂಬುದು ನನ್ನ ವಾದ.

ಮೈಸೂರು ಅರಸರ ದನಗಳ ಇಲಾಖೆಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಬೆಣ್ಣೆ ಚಾವಡಿ ಎಂಬ ಹೆಸರಿತ್ತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರಾಲಿ ಅದೇ ದನಗಳನ್ನು ಯುದ್ಧಕ್ಕೆ ಹೂಡಿದ. ಟಿಪ್ಪು ಆ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ದನಗಳ ಪಾಲನೆಗೆ ಹುಕುಂನಾಮೆ ಹೊರಡಿಸಿದ. 1799ರ ನಂತರ ಹಿಂಡುಗಳು ಸೊರಗಿದ್ದನ್ನು ಕಂಡು 1813ರಲ್ಲಿ ಮದ್ರಾಸ್ ಸೇನೆ ತನ್ನ ಅಧಿಕಾರಿಯನ್ನೇ ಕಳುಹಿಸಿ ಉಸ್ತುವಾರಿ ವಹಿಸಿಕೊಂಡಿತು. 1860ರಲ್ಲಿ ಖರ್ಚು ಉಳಿಸಲೆಂದು ಮದ್ರಾಸ್ ಸರ್ಕಾರ ಇಡೀ ಸಂಸ್ಥೆಯನ್ನು ಮುಚ್ಚಿ ಹಿಂಡುಗಳನ್ನು ಮಾರಿತು. ಫಿರಂಗಿ ಎಳೆಯಲು ತಕ್ಕ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಬಂತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ 1929ರದು. ಹೈದರಾಲಿಯಿಂದ ಈಚೆಗೆ ಯಾರ ಕೈಯಲ್ಲಿದ್ದರೂ ಈ ಸಂಸ್ಥೆ ಕೇಳಿದ್ದು ಒಂದೇ: ಎತ್ತು ಎಷ್ಟು ಎಳೆಯುತ್ತದೆ, ಎಷ್ಟು ವರ್ಷ ಎಳೆಯುತ್ತದೆ?

ಆ ಲೆಕ್ಕ ಹಳೆಯ ಗೆಜೆಟಿಯರುಗಳಲ್ಲಿದೆ. ಅಮೃತಮಹಲ್ ಎತ್ತಿಗೆ ಏಳರಿಂದ ಹನ್ನೆರಡು ವರ್ಷ ಭರ್ತಿ ಪ್ರಾಯ; ಹದಿನಾಲ್ಕು ಹದಿನೈದರವರೆಗೂ ಚೆನ್ನಾಗಿ ದುಡಿಯುತ್ತದೆ; ಆಮೇಲೆ ಬೇಗ ಇಳಿಮುಖ; ಆದರೂ ಸಾಮಾನ್ಯವಾಗಿ ಹದಿನೆಂಟರವರೆಗೆ ಬದುಕುತ್ತದೆ. ಅಂದರೆ ದುಡಿಮೆ ಮುಗಿದು ಸಾವು ಬರುವ ನಡುವೆ ಮೂರು ನಾಲ್ಕು ವರ್ಷಗಳ ಒಂದು ಬಿಡುವು. ಕರು ಹಾಲು ಬಿಡುವುದರಿಂದ ಹಿಡಿದು ಹಿಡ ಮಾಡುವವರೆಗೆ, ಪಳಗಿಸುವುದರಿಂದ ಹಿಡಿದು ದಂಡಿಗೆ ಸೇರಿಸುವವರೆಗೆ ಪ್ರತಿಯೊಂದಕ್ಕೂ ನಿಯಮ ಬರೆದ ಸಂಸ್ಥೆಯ ಲೆಕ್ಕದಲ್ಲಿ ಈ ಬಿಡುವಿಗೆ ಅಂಕಣವಿಲ್ಲ. ಸೇನೆಯ ದೃಷ್ಟಿಯಿಂದ ಅದು ಸಹಜವೇ. ಹಾಗಾದರೆ ಆ ಮೂರು ನಾಲ್ಕು ವರ್ಷ ಯಾರ ತಲೆಯ ಮೇಲೆ ಬಿತ್ತು?

ಸಂತೆಯಲ್ಲಿ ಹೋರಿ ಕೊಳ್ಳುವವರು ಮೊದಲು ಬಾಯಿ ಬಿಡಿಸಿ ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿ ಕೂಡಿತು ಎನ್ನುತ್ತಾರೆ. ಎಂಟೂ ಹಲ್ಲು ಬಂದು ಬಾಯಿ ಕೂಡುವ ಹೊತ್ತಿಗೆ ಎತ್ತಿಗೆ ಸುಮಾರು ಐದು ವರ್ಷ. ಅಲ್ಲಿಂದ ಮುಂದೆ ಹಲ್ಲಿನ ಸವೆತ ನೋಡಿ ಅಂದಾಜು ಮಾಡಬೇಕೇ ಹೊರತು, ಇಷ್ಟೇ ವಯಸ್ಸೆಂದು ಬಾಯಿ ಹೇಳುವುದಿಲ್ಲ. ಹೀಗಿರುವಾಗ 1964ರ ಗೋಹತ್ಯೆ ಪ್ರತಿಬಂಧಕ ಕಾಯ್ದೆ ಹನ್ನೆರಡು ವರ್ಷ ದಾಟಿದ ಎತ್ತನ್ನು ಅಧಿಕಾರಿಯ ಪ್ರಮಾಣಪತ್ರ ಪಡೆದು ಕಸಾಯಿಖಾನೆಗೆ ಕಳಿಸಬಹುದೆಂದಿತು. ಹನ್ನೊಂದೋ ಹದಿಮೂರೋ ಎಂದು ಹಲ್ಲು ನೋಡಿ ಖಚಿತವಾಗಿ ಹೇಳಬಲ್ಲವರು ಯಾರು? ಅದಿರಲಿ, ಅಮೃತಮಹಲ್ ಎತ್ತಿನ ಭರ್ತಿ ಪ್ರಾಯ ಮುಗಿಯುವುದೇ ಹನ್ನೆರಡಕ್ಕೆ. ಅದಾದ ಮೇಲೂ ಎರಡು ಮೂರು ವರ್ಷದ ಗೇಯ್ಮೆ ಬಾಕಿ ಇರುತ್ತದೆ. ಕಾಗದದ ಮೇಲಿನ ಮುಪ್ಪಿಗೂ ಹೊಲದ ಮುಪ್ಪಿಗೂ ತಾಳೆಯಾಗಲಿಲ್ಲ. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಹದಿಮೂರು ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಆ ಬಾಗಿಲು ಮುಚ್ಚಿತು. ಮುಚ್ಚಬೇಕಿತ್ತೇ ಎಂಬುದು ಬೇರೆ ಚರ್ಚೆ. ಮುಚ್ಚಿದ ಮೇಲೆ ಎತ್ತು ನಿಲ್ಲುವುದೆಲ್ಲಿ ಎಂಬುದಷ್ಟೇ ಇಲ್ಲಿನ ಮಾತು.

ಹಿಂದೆ ಅದು ನಿಂತದ್ದು ಊರ ಹುಲ್ಲಿನ ಮೇಲೆ. ಗಾಡಿಯಿಂದ ಬಿಡಿಸಿದ ಎತ್ತನ್ನು ಕುಂಟೆಗೆ ಹೂಡುವರು. ಕುಂಟೆಗೂ ಆಗದಿದ್ದರೆ ಕಣದಲ್ಲಿ ಮೇಟಿಯ ಪಕ್ಕಕ್ಕೆ ಕಟ್ಟುವರು; ಒಕ್ಕಣೆಯ ಸಾಲಿನಲ್ಲಿ ಅಲ್ಲಿ ನಿಂತ ಎತ್ತಿಗೆ ನಡಿಗೆ ಕಡಿಮೆ. ಅದೂ ಮುಗಿದ ಮೇಲೆ ದನ ಕಾಯುವ ಹುಡುಗನ ಹಿಂದೆ ಗೋಮಾಳಕ್ಕೆ. ರೈತನಿಗೆ ಅದರಿಂದ ಗೊಬ್ಬರ ಸಿಗುತ್ತಿತ್ತು, ಮೇವಿಗೆ ಕೈಯಿಂದ ಖರ್ಚಿರಲಿಲ್ಲ. ಈ ಭಾಗದಲ್ಲಿ ಗೋಮಾಳದ ಜೊತೆಗೆ ಅಮೃತಮಹಲ್ ಕಾವಲುಗಳೂ ಇದ್ದವು: ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಹಂಚಿಟ್ಟ ಹುಲ್ಲುಗಾವಲುಗಳು. ಕೆರೆಯಂಗಳದ ಹಸಿರು, ಮರದ ನೆರಳು ಇರುವಂಥವು ಬೇಸಿಗೆಗೆ ಮೀಸಲು. 1918ರ ಹೊತ್ತಿಗೆ ಸಂಸ್ಥಾನದಲ್ಲಿ ಇಂಥ ಕಾವಲುಗಳು 240, ವಿಸ್ತೀರ್ಣ ನಾಲ್ಕು ಲಕ್ಷ ಎಕರೆಗೂ ಮಿಕ್ಕು. ಕಾವಲು ಸರ್ಕಾರಿ ದನಕ್ಕೆ ಮೀಸಲು, ರೈತನ ದನಕ್ಕಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜವೇ. ಆದರೆ ಸರ್ಕಾರದ ಹಿಂಡು ತನ್ನ ಹುಲ್ಲಿನಲ್ಲೇ ಮೇಯುವಷ್ಟು ಕಾಲ ಊರ ಗೋಮಾಳದ ಮೇಲೆ ಅದರ ಭಾರ ಬೀಳಲಿಲ್ಲ.

ಆ ಹುಲ್ಲು ಒಂದೇ ದಿನ ಹೋದದ್ದಲ್ಲ. ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ನಲವತ್ತರ ದಶಕದ ಚಳವಳಿ, ಭೂಹೀನರಿಗೆ ಹಂಚಿಕೆ, ಬಗರ್‌ಹುಕುಂ ಸಕ್ರಮ, ನೀಲಗಿರಿ ನೆಡುತೋಪು, ಸರ್ಕಾರದ್ದೇ ಯೋಜನೆಗಳು ಸರದಿಯ ಮೇಲೆ ಬಂದವು. ನೂರು ದನಕ್ಕೆ ಹನ್ನೆರಡು ಹೆಕ್ಟೇರ್ ಗೋಮಾಳ ಇರಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ಹಂಚುವಾಗ ಆ ಲೆಕ್ಕ ಹಾಕುವವರು ದುಡಿಯುವ ದನ, ದುಡಿಯದ ದನ ಎಂದು ಭೇದ ಮಾಡಬೇಕಿಲ್ಲ. ಆದರೆ ಹುಲ್ಲು ಕಡಿಮೆಯಾದಾಗ ಮನೆಯವರು ಆ ಭೇದ ಮಾಡಲೇಬೇಕಾಗುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಹಗುರ ಕೆಲಸಗಳೂ ಹೋದವು. ಮೇಟಿಯ ಪಕ್ಕದ ಜಾಗವೇ ಇಲ್ಲವಾಯಿತು. ಭೂಮಿ ಪಡೆದ ಬಡ ರೈತನನ್ನು ಇದಕ್ಕೆ ದೂರುವುದು ಅನ್ಯಾಯ. ಅವನಿಗೂ ಬದುಕಲು ನೆಲ ಬೇಕಿತ್ತು. ನಾನು ಹೇಳುವುದಿಷ್ಟೆ: ನೆಲ ಹಂಚಿದ ಸರ್ಕಾರ ಅದರ ಮೇಲೆ ಆತುಕೊಂಡಿದ್ದ ಮುದಿ ದನದ ಲೆಕ್ಕವನ್ನು ಬೇರೆಲ್ಲೂ ಬರೆದುಕೊಳ್ಳಲಿಲ್ಲ.

ಹಿಂದಿನ ಕಾಲವನ್ನು ಸುಮ್ಮನೆ ಹೊಗಳುತ್ತಿದ್ದೇನೆಂಬ ಆರೋಪ ಬರಬಹುದು. ಮುದಿ ಎತ್ತನ್ನು ದಲ್ಲಾಳಿಗೆ ಒಪ್ಪಿಸುವುದು ಆಗಲೂ ಇತ್ತು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಮುಗಿದ ಎಷ್ಟೋ ವ್ಯಾಪಾರಗಳಿಗೆ ಆಮೇಲಿನ ಪ್ರಶ್ನೆಯೇ ಇರಲಿಲ್ಲ. ಬರ ಬಂದರೆ ಗೋಮಾಳವೂ ಬೋಳು. ಕಡೂರಿನ ಕಡೆ ಬರ ಅಪರೂಪದ ಅತಿಥಿಯಲ್ಲ. ಇದೆಲ್ಲ ಒಪ್ಪತಕ್ಕದ್ದೇ. ಆಗಿನವರು ನಮಗಿಂತ ಮೃದು ಮನಸ್ಸಿನವರಾಗಿದ್ದರೆಂದು ನಾನು ಹೇಳುತ್ತಿಲ್ಲ. ಉಳಿಸಿಕೊಳ್ಳುವ ಮನಸ್ಸಿದ್ದವನಿಗೆ ಉಳಿಸಿಕೊಳ್ಳಲು ಅಗ್ಗದ ದಾರಿಯೊಂದಿತ್ತು, ಈಗ ಮನಸ್ಸಿದ್ದವನಿಗೂ ಅದಿಲ್ಲ.

2022ರಲ್ಲಿ ರಾಜ್ಯ ಸರ್ಕಾರ ತಂದ ‘ಪುಣ್ಯಕೋಟಿ ದತ್ತು’ ಯೋಜನೆ ಈ ಚರಿತ್ರೆಯ ತುದಿಗೆ ಬಂದು ನಿಲ್ಲುತ್ತದೆ. ಗೋಶಾಲೆಯ ಒಂದು ದನವನ್ನು ವರ್ಷಕ್ಕೆ 11,000 ರೂಪಾಯಿ ಕೊಟ್ಟು ದತ್ತು ಪಡೆಯಬಹುದು. ದಿನಕ್ಕೆ ಮೂವತ್ತು ರೂಪಾಯಿ. ದತ್ತು ಎಂದರೂ ದನ ಯಾರ ಮನೆಗೂ ಹೋಗುವುದಿಲ್ಲ. ಕೊಟ್ಟಿಗೆ ಅಲ್ಲೇ, ಹಣ ಮಾತ್ರ ಇಲ್ಲಿಂದ. ಮುದಿ ನಾಯಿಗೆ ಒಂದು ಮನೆಯ ಮೂಲೆ ಸಾಕು, ಒಂದು ಕುಟುಂಬ ಒಪ್ಪಿದರೆ ಅದರ ಪ್ರಶ್ನೆ ಮುಗಿಯಿತು. ದನಕ್ಕೆ ಒಪ್ಪಿದ ಕುಟುಂಬದ ಜೊತೆಗೆ ಮೇಯಲು ನೆಲವೂ ಬೇಕು. ಅದಿಲ್ಲದಿದ್ದರೆ ಕೊಂಡ ಮೇವು ಹಾಕುತ್ತಲೇ ಇರಬೇಕು. ಗೋಶಾಲೆಗಳು ಸದಾ ಕೈಚಾಚುವುದು ಆಡಳಿತದ ದೋಷದಿಂದಲೇ ಎಂದುಕೊಂಡವರು ಇದನ್ನು ಗಮನಿಸಬೇಕು.

ಹಾಗಿದ್ದರೆ ಉಳಿದ ಕಾವಲುಗಳಲ್ಲೇ ಒಂದಿಷ್ಟನ್ನು ಮುದಿ ಎತ್ತುಗಳಿಗೆ ಬಿಡಬಾರದೇಕೆ? ತಳಿ ಕೆಡುತ್ತದೆ, ರೋಗ ಹರಡುತ್ತದೆ ಎಂಬ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಹಿಡ ಮಾಡಿದ ಎತ್ತಿನಿಂದ ತಳಿ ಕೆಡುವ ಪ್ರಶ್ನೆಯೇ ಬರುವುದಿಲ್ಲ. ರೋಗದ ಭಯ ಮಾತ್ರ ನಿಜ. ಚರ್ಮಗಂಟು ರೋಗ ಏನು ಮಾಡಿತೆಂದು ಇತ್ತೀಚೆಗಷ್ಟೇ ನೋಡಿದ್ದೇವೆ. ಆದ್ದರಿಂದ ತಳಿ ಹಿಂಡು ಇರುವ ಕಾವಲು ಬೇಡ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಿಂದ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶ, ಅದೂ ಬೇಡ. ಒತ್ತುವರಿಯಿಂದ ಬಿಡಿಸಿಕೊಂಡ, ಹಿಂಡು ಮೇಯದ ತುಂಡುಗಳಲ್ಲಿ ಬೇಲಿ, ನೀರಿನ ತೊಟ್ಟಿ, ಲಸಿಕೆ ಇಷ್ಟನ್ನು ಒದಗಿಸಿದರೆ, ದತ್ತು ಹಣದಿಂದ ವರ್ಷಪೂರ್ತಿ ಮೇವು ಕೊಳ್ಳುವ ಬದಲು ಬೇಸಿಗೆಯ ನಾಲ್ಕು ತಿಂಗಳಿಗೆ ಮಾತ್ರ ಕೊಂಡರೆ ಸಾಕಾದೀತು.